ತೆನೆಹಬ್ಬಕ್ಕೆ ತೆನೆ ಎಲ್ಲಿಂದ?

ಪತ್ತನಾಜೆ ಕಳೆಯಿತು. ಇನ್ನು ನಾಲ್ಕು ಹನಿ ಮಳೆ ಬಿದ್ದರೆ ಏಣೆಲು ಬೆಳೆಗೆ ನೇಜಿ ಹಾಕುವ ಕಾಲ. ಸೆಪ್ಟೆಂಬರ್ ತಿಂಗಳಿನ ಮೊಂತಿ ಹಬ್ಬದ ಕುರಿತು ಮೇ ತಿಂಗಳಿನಲ್ಲಿಯೇ ಬರೆಯುವುದು ಕೆಲವು ಓದುಗರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಸೆಪ್ಟೆಂಬರ್ 8ರಂದು, ಕನ್ಯಾ ಮರಿಯಮ್ಮನವರ ಜನ್ಮೋತ್ಸವದ ದಿನ, ನಾವು ಆಶೀರ್ವದಿಸಿ ಮನೆಮನೆಗೆ ಹಂಚುವ ತೆನೆ ಸೆಪ್ಟೆಂಬರಿನಲ್ಲಿ ಹುಟ್ಟುವುದಿಲ್ಲ. ಈಗ ಬಿತ್ತಿದರೆ ಮಾತ್ರ ಅಂದು ತೆನೆ. ಸುಮಾರು ನಾಲ್ಕು ತಿಂಗಳ ಬೆಳೆಯನ್ನು ಯಾವ ಪಾಲನಾ ಮಂಡಳಿಯ ನಿರ್ಣಯವೂ ಎರಡು ತಿಂಗಳಿಗೆ ಇಳಿಸಲಾರದು. ಆದುದರಿಂದ ಈ ಮಾತನ್ನು ಈಗಲೇ ಆಡಬೇಕಾಗಿದೆ.

ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ, ಗೋವೆಯಿಂದ ಬಂದ ಧರ್ಮಗುರು ಜೊವಾಕಿಂ ಮಿರಾಂದರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂಬುದು ನಮ್ಮ ಹಿರಿಯರಿಂದ ಬಂದ ಮಾತು. ಹೊಸ ಬೆಳೆಯನ್ನು ದೇವರಿಗೆ ಅರ್ಪಿಸಿ ಉಣ್ಣುವ ಪದ್ಧತಿಯಾದರೋ ಅದಕ್ಕಿಂತ ಎಷ್ಟೋ ಹಳೆಯದು. ನೆರೆಹೊರೆಯ ತುಳುವರ ಕುರಲ್ ಪರ್ಬವೂ ನಮ್ಮ ತೆನೆಹಬ್ಬವೂ ಒಂದೇ ಮಣ್ಣಿನ ಮಕ್ಕಳು. ಒಂಬತ್ತು ದಿನಗಳ ಪ್ರಾರ್ಥನೆ, ಮಕ್ಕಳು ಬುಟ್ಟಿಗಳಲ್ಲಿ ತರುವ ಹೂವು, ಹತ್ತಿರದ ಗದ್ದೆಯಿಂದ ಮೆರವಣಿಗೆಯಲ್ಲಿ ಬರುವ ತೆನೆ. ಮನೆಯಲ್ಲಿ ಹಿರಿಯರು ತೆನೆಯ ಕಾಳನ್ನು ಸುಲಿದು ಅರೆದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುವುದು. ಬಾಳೆ ಎಲೆಯ ಮೇಲೆ ಮೂರೋ ಐದೋ ಏಳೋ ಬಗೆಯ ತರಕಾರಿ ಪದಾರ್ಥ. ಕೆಸುವಿನ ದಂಟು, ಹರಿವೆ, ಹೀರೆ, ಬೆಂಡೆ, ಅಲಸಂಡೆ, ಅಂಬಟೆ. ಮೀನಿಲ್ಲ, ಮಾಂಸವಿಲ್ಲ. ಮಳೆಗಾಲದಲ್ಲಿ ಹಿತ್ತಿಲು ಏನನ್ನು ಕೊಡುತ್ತದೆಯೋ ಅದೇ ಅಂದಿನ ಭೋಜನ. ವರ್ಷದ ಹಬ್ಬಗಳಲ್ಲಿ ನಮ್ಮ ಸಮುದಾಯದ ಅತಿ ಸಂತೋಷದ ಊಟ ಅತಿ ಕಡಿಮೆ ಖರ್ಚಿನ ಊಟವೂ ಆಗಿತ್ತೆಂಬುದನ್ನು ನಾವು ಬಹುತೇಕ ಮರೆತಿದ್ದೇವೆ.

ಕಳೆದ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕು. ನಮ್ಮ ಸುತ್ತಿನಲ್ಲಿ ಈಗ ಭತ್ತ ಬೆಳೆಯುವ ಕಥೋಲಿಕ ಕುಟುಂಬ ಒಂದೂ ಇಲ್ಲ. ತೆನೆಯನ್ನು ದೂರದ ಊರೊಂದರಿಂದ ಹಣ ಕೊಟ್ಟು ತರಿಸಿದೆವು. ಪಿಕಪ್ ವಾಹನದಲ್ಲಿ ಕಟ್ಟು ಕಟ್ಟಾಗಿ ಬಂದ ತೆನೆಗಳು ನೋಡಲು ಸೊಗಸಾಗಿದ್ದವು. ಹಸುರು, ನೇರ, ಒಂದೇ ಅಳತೆ. ಮಕ್ಕಳ ಕೈಯ ಹೂವೂ ಹೆಚ್ಚಿನ ಮಟ್ಟಿಗೆ ಪೇಟೆಯ ಸೇವಂತಿಗೆ. ಪವಿತ್ರ ಜಲ ಚಿಮುಕಿಸಿ, ಬಲಿಪೂಜೆ ಮುಗಿಸಿ ತೆನೆ ಹಂಚುತ್ತಿದ್ದಾಗ ಎಂಬತ್ತು ದಾಟಿದ ವೃದ್ಧೆಯೊಬ್ಬರು ತಮ್ಮ ಪಾಲಿನ ತೆನೆಯನ್ನು ಅಲ್ಲಿಯೇ ನಿಂತು ಬೆರಳುಗಳ ನಡುವೆ ಹಿಸುಕಿ ನೋಡಿದರು. ಇನ್ನೊಂದು ಕಾಳನ್ನು ಹಿಸುಕಿದರು. ನಂತರ ಮೆಲ್ಲನೆ ಹೇಳಿದರು: "ಫಾದರ್, ಇದಕ್ಕೆ ಹಾಲೇ ಕಟ್ಟಿಲ್ಲ. ಜೊಳ್ಳು."

ಬಲಿಯುವ ಮೊದಲು ಭತ್ತದ ಕಾಳನ್ನು ಹಿಸುಕಿದರೆ ಹಾಲಿನಂಥ ರಸ ಬರುತ್ತದೆ. ಆ ಹಾಲೇ ಗಟ್ಟಿಯಾಗಿ ಅಕ್ಕಿಯಾಗುವುದು. ಹಬ್ಬದ ಬೇಡಿಕೆಗೆ ಒದಗಿಸಲು ಹಾಲು ತುಂಬುವ ಮೊದಲೇ ಕೊಯ್ದ ತೆನೆ ಅದು. ಅಂದರೆ ನಾವು ಅಂದು ಎಂಟುನೂರು ಮಂದಿಗೆ ಆಶೀರ್ವದಿಸಿ ಕೊಟ್ಟದ್ದು ಹೊಟ್ಟನ್ನು. ತೆನೆ ಕಳುಹಿಸಿದವರನ್ನು ನಾವು ದೂರುವುದಿಲ್ಲ. ಕೊಂಡವರು ನಾವು. ನಮಗೆ ಬೇಕಾಗಿದ್ದುದು ಮೆರವಣಿಗೆಗೆ ಒಪ್ಪುವ ಹಸುರು. ಅವರು ಅದನ್ನೇ ಕೊಟ್ಟರು. ತತ್ವಶಾಸ್ತ್ರದಲ್ಲಿ ತೋರಿಕೆ ಮತ್ತು ಸತ್ವದ ಭೇದವನ್ನು ಮೂರು ವರ್ಷ ಓದಿದ ನಮಗೆ, ಆ ಭೇದವನ್ನು ಎರಡು ಬೆರಳುಗಳಿಂದ ತೋರಿಸಲು ಶಾಲೆಗೆ ಹೋಗದ ತಾಯಿಯೊಬ್ಬರು ಬೇಕಾಯಿತು.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ಚರ್ಚಿನ ಹಿಂಬದಿಯಲ್ಲಿಯೇ ನಮ್ಮದೇ ಗದ್ದೆ ಇದೆ. ತೊಂಬತ್ತು ಸೆಂಟ್ಸ್ ಬೈಲು ಗದ್ದೆ. ಹಿಂದೆ ಏಣೆಲು, ಸುಗ್ಗಿ ಎರಡೂ ಬೆಳೆ ಬರುತ್ತಿತ್ತಂತೆ. ಹನ್ನೊಂದು ವರ್ಷಗಳಿಂದ ಹಡಿಲು ಬಿದ್ದಿದೆ. ಎಂಟು ವರ್ಷಗಳ ಹಿಂದೆ ಅದರ ಒಂದು ಬದಿಯನ್ನು ಮಣ್ಣು ತುಂಬಿಸಿ ರಸ್ತೆ ಮಾಡಲಾಯಿತು. ಉಳಿದುದನ್ನೂ ತುಂಬಿಸಿ, ಇಂಟರ್‌ಲಾಕ್ ಹಾಸಿ ವಾಹನ ನಿಲುಗಡೆಗೂ ಸಭಾಭವನದ ವಿಸ್ತರಣೆಗೂ ಬಳಸಬೇಕೆಂಬ ಪ್ರಸ್ತಾಪ ಚರ್ಚ್ ಪಾಲನಾ ಮಂಡಳಿಯ ಮುಂದಿದೆ. ಆ ಪ್ರಸ್ತಾಪಕ್ಕೆ ಮೊದಲ ಸಭೆಯಲ್ಲಿ ತಲೆಯಾಡಿಸಿದವರಲ್ಲಿ ನಾವೂ ಒಬ್ಬರು. ಭಾನುವಾರ ರಸ್ತೆಯ ಎರಡೂ ಬದಿಗಳಲ್ಲಿ ಕಾರುಗಳು ನಿಲ್ಲುತ್ತವೆ, ವೃದ್ಧರಿಗೆ ತೊಂದರೆಯಾಗುತ್ತದೆ. ಸಭಾಭವನದಿಂದ ಚರ್ಚಿಗೆ ಆದಾಯವಿದೆ. ಈ ಕಾರಣಗಳು ಸುಳ್ಳಲ್ಲ. ಇವನ್ನು ಮುಂದಿಟ್ಟವರು ಚರ್ಚಿನ ಹಿತವನ್ನು ಬಯಸುವವರೇ.

ಹಬ್ಬದ ಮರುದಿನ ನಾವು ಆ ವೃದ್ಧೆಯ ಮನೆಗೆ ಹೋದೆವು. ಸರಳ ಜೀವನದ ಕುರಿತು ಅವರ ಬಾಯಿಂದ ಕೆಲವು ಒಳ್ಳೆಯ ಮಾತು ಕೇಳಿ, ಮುಂದಿನ ಪ್ರಬೋಧನೆಗೆ ಬಳಸಿಕೊಳ್ಳುವ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇವೆ. "ನಿಮ್ಮ ಕಾಲದಲ್ಲಿ ಎಷ್ಟು ಸರಳವಾಗಿ ಬದುಕುತ್ತಿದ್ದಿರಿ, ಬಾಯಿ" ಎಂದೆವು. ಅವರು ನಕ್ಕರು. "ಸರಳ ಎಲ್ಲಿಂದ ಬಂತು ಫಾದರ್? ಇರಲಿಲ್ಲ, ಅಷ್ಟೆ. ಬೆಳೆದದ್ದರಲ್ಲಿ ಗೇಣಿ ಅಳೆದು ಕೊಟ್ಟ ಮೇಲೆ ಆಟಿಯಲ್ಲಿ ಮಕ್ಕಳಿಗೆ ಗಂಜಿಯ ತಿಳಿ ಮಾತ್ರ. ನೀವು ಪೀಠದಲ್ಲಿ ನಿಂತು ಬಡತನವನ್ನು ಹೊಗಳಬೇಡಿ. ಅದು ನಿಮಗೆ ಗೊತ್ತಿಲ್ಲ."

ಈ ಮಾತನ್ನು ನಾವು ಹಾಗೆಯೇ ಇಲ್ಲಿ ಇಡುತ್ತೇವೆ. ಸರಳತೆಯ ಕುರಿತು ಬರೆಯುವ ಧರ್ಮಗುರುಗಳು ಇದನ್ನು ಮೊದಲು ಕೇಳಿಸಿಕೊಳ್ಳಬೇಕು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ, ಡಿಕ್ಲರೇಷನ್ ಕೊಟ್ಟು ಗೇಣಿಯ ಭೂಮಿಯನ್ನು ತಮ್ಮದಾಗಿಸಿಕೊಂಡ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಆ ಭೂಮಿಯ ಬಲದಿಂದ ಮಕ್ಕಳು ಓದಿದರು, ಕೊಲ್ಲಿ ದೇಶಗಳಿಗೆ ಹೋದರು, ಮನೆ ಕಟ್ಟಿದರು. ಇದು ಪಾಪವಲ್ಲ, ದೇವರ ಕೃಪೆ. ಇಲ್ಲದವನ ಇಲ್ಲದಿರುವಿಕೆ ಸರಳತೆಯಲ್ಲ. ಇದ್ದವನು ಸಾಕು ಎನ್ನಬಲ್ಲುದು ಸರಳತೆ. ನಮ್ಮ ಸಮುದಾಯಕ್ಕೆ ಆ ಪರೀಕ್ಷೆ ಬಂದಿರುವುದು ಈಗ, ಇದ್ದವರಾದ ಮೇಲೆ.

ಹಾಗಾದರೆ ಸಾಕು ಎಂಬುದರ ಅಳತೆ ಯಾವುದು? ಪ್ರಕೃತಿಯನ್ನು ನೋಡಿ ಕಲಿಯಿರಿ ಎಂದು ಹೇಳುವುದು ಸುಲಭ. ಗುರುಮಠದಲ್ಲಿ ನಮಗೆ ನೀತಿಶಾಸ್ತ್ರವನ್ನು ಕಲಿಸಿದ ಗುರುಗಳು ಇಂಥ ಮಾತು ಬಂದೊಡನೆ ನಮ್ಮನ್ನು ತಡೆಯುತ್ತಿದ್ದರು. ಇರುವೆಯಿಂದ ದುಡಿಮೆಯನ್ನು ಕಲಿಯಬೇಕೆನ್ನುವೆಯಾದರೆ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಕೋಗಿಲೆಯಿಂದ ಏನನ್ನು ಕಲಿಯುತ್ತೀಯೆ ಎಂದು ಕೇಳುತ್ತಿದ್ದರು. ಅವರ ಆಕ್ಷೇಪ ಸರಿಯಾದುದೇ. ಪ್ರಕೃತಿ ನೀತಿಪಾಠದ ಪುಸ್ತಕವಲ್ಲ. ಅಲ್ಲಿ ಗಿಡುಗ ಕೋಳಿಮರಿಯನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ಒಂದು ವಿಷಯದಲ್ಲಿ ಅದು ಎಂದೂ ಸುಳ್ಳು ಹೇಳುವುದಿಲ್ಲ. ಪ್ರತಿಯೊಂದು ಜೀವಕ್ಕೂ ಒಂದು ಮಿತಿ ಇದೆ, ಆ ಮಿತಿಯನ್ನು ದಾಟಿದ ಒಳ್ಳೆಯದೂ ಕೆಡುಕಾಗುತ್ತದೆ ಎಂಬುದು ಆ ವಿಷಯ.

ಭತ್ತದ ಗದ್ದೆಯನ್ನೇ ನೋಡೋಣ. ಬೆಳೆಗೆ ಯೂರಿಯಾ ಬೇಕು. ಮಿತಿಯಲ್ಲಿ ಹಾಕಿದರೆ ಇಳುವರಿ ಹೆಚ್ಚುತ್ತದೆ. ಇನ್ನಷ್ಟು ಹಾಕಿದರೆ ಗದ್ದೆ ಕಣ್ಣಿಗೆ ಹಬ್ಬವಾಗುವಷ್ಟು ಕಡು ಹಸುರಾಗುತ್ತದೆ. ಎಲೆ ಸೊಂಪಾಗಿ ಬೆಳೆಯುತ್ತದೆ, ದಂಟು ಮೃದುವಾಗುತ್ತದೆ, ಜಿಗಿಹುಳುಗಳಿಗೆ ಔತಣವಾಗುತ್ತದೆ. ತೆನೆ ಬರುವ ಹೊತ್ತಿಗೆ ಒಂದು ಗಾಳಿಮಳೆ ಬಂದರೆ ಸಾಕು, ಇಡೀ ಪೈರು ಅಡ್ಡಬಿದ್ದು ನೀರಿನಲ್ಲಿ ಕೊಳೆಯುತ್ತದೆ. ಪಕ್ಕದ ಗದ್ದೆಯಲ್ಲಿ ಸೊಪ್ಪು-ಹಟ್ಟಿಗೊಬ್ಬರ ತಿಂದು ಸಾಧಾರಣವಾಗಿ ಬೆಳೆದ ಪೈರು ಅದೇ ಗಾಳಿಯಲ್ಲಿ ಬಾಗಿ ಮತ್ತೆ ಏಳುತ್ತದೆ. ಬಯಸಿದ್ದೆಲ್ಲವನ್ನೂ ಬಯಸುವ ಮೊದಲೇ ಪಡೆದು ಬೆಳೆದ ನಮ್ಮ ಮನೆಗಳ ಮಕ್ಕಳನ್ನು ಪರೀಕ್ಷೆಯ ಒಂದು ಸೋಲು, ಮದುವೆಯ ಮೊದಲ ಜಗಳ ನೆಲಕ್ಕೆ ಕೆಡವುವುದನ್ನು ಕಂಡಾಗಲೆಲ್ಲ ನಮಗೆ ಈ ಗದ್ದೆಯ ನೆನಪಾಗುತ್ತದೆ. ತಂದೆತಾಯಂದಿರು ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಯೂರಿಯಾ ಹಾಕಿದವನೂ ಪೈರಿನ ಒಳಿತನ್ನೇ ಬಯಸಿರುತ್ತಾನೆ.

ಇದೇ ಮಾತನ್ನು ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಬೇರೊಂದು ರೀತಿಯಲ್ಲಿ ವಿವರಿಸಿದ್ದಾರೆ. ಅವರಿಗೂ ಹಿಂದೆ ಅರಿಸ್ಟಾಟಲನು ಇದರ ಸುಳಿವು ಕೊಟ್ಟಿದ್ದನು. ಸಂಪತ್ತು ಎರಡು ಬಗೆಯದು: ಅನ್ನ, ಬಟ್ಟೆ, ಸೂರು ಮೊದಲಾದ ಸಹಜ ಸಂಪತ್ತು ಒಂದು, ಹಣವೆಂಬ ಕೃತಕ ಸಂಪತ್ತು ಇನ್ನೊಂದು. ಮೊದಲನೆಯದರ ಆಸೆಗೆ ಮೇರೆಯುಂಟು, ಏಕೆಂದರೆ ಹೊಟ್ಟೆ ತುಂಬಿದ ಮೇಲೆ ದೇಹವೇ ಬೇಡವೆನ್ನುತ್ತದೆ. ಎರಡನೆಯದರ ಆಸೆಗೆ ಮೇರೆಯಿಲ್ಲ, ಏಕೆಂದರೆ ಬೇಡವೆನ್ನಲು ಅದಕ್ಕೊಂದು ಹೊಟ್ಟೆಯಿಲ್ಲ. (ಹೊಟ್ಟೆಯ ಉಪಮೆ ನಮ್ಮದು, ಸಂತರ ಭಾಷೆ ಇದಕ್ಕಿಂತ ಗಂಭೀರವಾದುದು.) ಅತಿಯಾಗಿ ಉಳಿದುದು ನ್ಯಾಯವಾಗಿ ಬಡವರಿಗೆ ಸಲ್ಲಬೇಕಾದುದೆಂದೂ ಅವರು ಹೇಳಿದ್ದಾರೆ. ದಾನವೆಂದಲ್ಲ, ಸಲ್ಲಬೇಕಾದುದೆಂದು.

ವಿಮೋಚನಾಕಾಂಡದ ಮನ್ನದ ಕಥೆಯನ್ನು ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಗಳಲ್ಲಿ ಕಲಿಯುತ್ತಾರೆ. ಮರುಭೂಮಿಯಲ್ಲಿ ದಿನದಿನದ ಆಹಾರ ದಿನದಿನವೂ ಬೀಳುತ್ತಿತ್ತು. ನಾಳೆಗೆಂದು ಬಚ್ಚಿಟ್ಟವರ ಪಾಲು ಹುಳುಬಿದ್ದು ನಾರಿತು. ಆದರೆ ವಿಶ್ರಾಂತಿಯ ದಿನಕ್ಕೆಂದು ಆರನೆಯ ದಿನ ಇಮ್ಮಡಿ ಕೂಡಿಸಿಟ್ಟದ್ದು ಕೆಡಲಿಲ್ಲ. ಈ ಎರಡನೆಯ ಭಾಗವನ್ನು ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಕೂಡಿಡುವುದೇ ತಪ್ಪಲ್ಲ, ಯಾವುದಕ್ಕಾಗಿ ಎಂಬುದು ಪ್ರಶ್ನೆ. ಯೇಸುಸ್ವಾಮಿ ತೋರಿಸಿದ ಆಕಾಶದ ಹಕ್ಕಿಗಳೂ ಸೋಮಾರಿಗಳಲ್ಲ. ನಮ್ಮ ಗುರುನಿವಾಸದ ಎದುರಿನ ಮರದ ಹಕ್ಕಿಗಳು ನಾವು ಎದ್ದು ಪ್ರಾರ್ಥನೆಗೆ ಕುಳಿತುಕೊಳ್ಳುವ ಮೊದಲೇ ಕೆಲಸಕ್ಕೆ ಹೊರಟಿರುತ್ತವೆ. ಅವು ದುಡಿಯುತ್ತವೆ, ಆದರೆ ಹೆದರಿ ದುಡಿಯುವುದಿಲ್ಲ.

ನಮ್ಮ ಹಿರಿಯರ ಮನೆಗಳಲ್ಲಿ ಅಕ್ಕಿಯನ್ನು ಮುಡಿ ಕಟ್ಟಿ ಇಡುತ್ತಿದ್ದರು. ನಲವತ್ತೆರಡು ಸೇರು ಅಕ್ಕಿಯನ್ನು ಅದೇ ಭತ್ತದ ಬೈಹುಲ್ಲಿನಲ್ಲಿ ಸುತ್ತಿ, ಅದೇ ಹುಲ್ಲಿನ ಹಗ್ಗದಿಂದ ಬಿಗಿದು ಗುಂಡಗೆ ಕಟ್ಟಿದರೆ ಮಳೆಗಾಲವಿಡೀ ಅಕ್ಕಿ ಕೆಡುತ್ತಿರಲಿಲ್ಲ. ಕಾಳು ಮನುಷ್ಯರಿಗೆ, ತೌಡು ಮತ್ತು ಹುಲ್ಲು ಹಟ್ಟಿಗೆ, ಉಮಿಯ ಬೂದಿ ಪಾತ್ರೆ ಬೆಳಗಲು, ಹಟ್ಟಿಯ ಗೊಬ್ಬರ ಮತ್ತೆ ಗದ್ದೆಗೆ. ಎಸೆಯಲು ಏನೂ ಉಳಿಯುತ್ತಿರಲಿಲ್ಲ. ಈಗ ಮುಡಿ ಕಟ್ಟಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಮುಡಿ ವಸ್ತುಪ್ರದರ್ಶನದ ಸಾಮಗ್ರಿಯಾಗಿದೆ. ಇತ್ತ ನಮ್ಮ ಸಭಾಭವನದಲ್ಲಿ ಒಂದು ಮದುವೆ ಮುಗಿದ ರಾತ್ರಿ ಎಷ್ಟು ಚೀಲ ಅನ್ನ ಹೊರಗೆ ಹೋಗುತ್ತದೆಂಬುದನ್ನು ನಾವು ಗುರುನಿವಾಸದ ಕಿಟಕಿಯಿಂದ ನೋಡಿದ್ದೇವೆ. ರೋಸ್ ಎಂಬುದು ಮನೆಯಂಗಳದಲ್ಲಿ, ತೋಟದ ತೆಂಗಿನ ಹಾಲಿನಿಂದ, ನೆರೆಯವರ ಹಾಡಿನಿಂದ ನಡೆಯುತ್ತಿದ್ದ ಶಾಸ್ತ್ರ. ಅದಕ್ಕೂ ಈಗ ಸಭಾಭವನ, ವೇದಿಕೆ, ವಿಮಾನದಲ್ಲಿ ಬಂದ ಹೂವು. ಹೆಣ್ಣಿನ ತಂದೆಯೊಬ್ಬರು ಸಾಲದ ಪತ್ರ ಹಿಡಿದು ಬಂದು ನಮ್ಮ ಮುಂದೆ ಅತ್ತದ್ದು ಒಮ್ಮೆಯಲ್ಲ. ಮುಂದಿನ ವಾರ ಅದೇ ಮದುವೆಯ ಅಲಂಕಾರವನ್ನು ನಾವೇ ಹೊಗಳಿದ್ದೂ ಉಂಟು. ಈ ಪಾಪದಲ್ಲಿ ಗುರುಗಳಿಗೂ ಪಾಲಿದೆ.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೂ 2019ರ ಬೇಸಿಗೆಯಲ್ಲಿ ಮಂಗಳೂರು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ನಮ್ಮ ಚರ್ಚಿನ ಬಾವಿ ಕಳೆದ ನಾಲ್ಕು ವರ್ಷಗಳಿಂದ ಏಪ್ರಿಲ್ ಕೊನೆಗೆ ತಳ ಕಾಣುತ್ತಿದೆ. ಗದ್ದೆಯ ಬದಿ ತುಂಬಿಸಿದ್ದೇ ಅದಕ್ಕೆ ಕಾರಣವೆಂದು ನಾವು ಪ್ರಮಾಣ ಮಾಡಿ ಹೇಳಲಾರೆವು. ಸುತ್ತ ಕೊಳವೆಬಾವಿಗಳು ಎಷ್ಟೋ ಆಗಿವೆ. ಆದರೆ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸುವ ಗದ್ದೆ ನೆಲಕ್ಕೆ ನೀರು ಕುಡಿಸುತ್ತದೆ, ಇಂಟರ್‌ಲಾಕ್ ಹಾಸಿದ ಅಂಗಳ ಬಂದ ನೀರನ್ನೆಲ್ಲ ಚರಂಡಿಗೆ ಕಳುಹಿಸುತ್ತದೆ. ಇಷ್ಟನ್ನು ತಿಳಿಯಲು ತಜ್ಞರು ಬೇಡ. ನೀರಿಗೂ ಒಂದಿಷ್ಟು ನಿಲ್ಲಲು ಸ್ಥಳ ಬೇಕು. ನಾವು ನಿಲುಗಡೆಯನ್ನು ಕಾರಿಗೆ ಮಾತ್ರ ಯೋಚಿಸಿದೆವು.

ಜಗದ್ಗುರು ದ್ವಿತೀಯ ಜಾನ್ ಪಾಲರು 1979ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರವನ್ನು ಕಾಯುವವರ ಪಾಲಕ ಸಂತರೆಂದು ಸಾರಿದರು. 2015ರ ಮೇ 24ರಂದು ಪೋಪ್ ಫ್ರಾನ್ಸಿಸರು 'ಲಾವ್ದಾತೊ ಸೀ' ವಿಶ್ವಪತ್ರಕ್ಕೆ ಸಹಿ ಹಾಕಿದರು. ಹತ್ತು ವರ್ಷಗಳ ನಂತರ, 2025ರ ಏಪ್ರಿಲಿನಲ್ಲಿ, ಅವರು ನಮ್ಮನ್ನು ಅಗಲಿದರು. ಆ ಪತ್ರದ ಕೊನೆಯ ಅಧ್ಯಾಯದಲ್ಲಿ ಅವರು ಕುಟುಂಬಗಳಿಗೆ ಒಂದು ಚಿಕ್ಕ ಕೆಲಸವನ್ನು ಸೂಚಿಸುತ್ತಾರೆ: ಊಟದ ಮೊದಲೂ ನಂತರವೂ ಒಂದು ಕ್ಷಣ ನಿಂತು ದೇವರಿಗೆ ಕೃತಜ್ಞತೆ ಸಲ್ಲಿಸುವುದು. ಲೋಕದ ಹವಾಮಾನದ ಕುರಿತ ಅಷ್ಟು ದೊಡ್ಡ ಪತ್ರದಲ್ಲಿ ಇಷ್ಟು ಸಣ್ಣ ಮಾತೇಕೆ ಎಂದು ಮೊದಲು ಓದಿದಾಗ ನಮಗೆ ಅನಿಸಿತ್ತು. ಕಳೆದ ಸೆಪ್ಟೆಂಬರಿನ ನಂತರ ಹಾಗೆ ಅನಿಸುವುದಿಲ್ಲ. ತಟ್ಟೆಯಲ್ಲಿರುವುದು ಎಲ್ಲಿಂದ ಬಂತೆಂದು ತಿಳಿಯದವನು ಯಾರಿಗೆ, ಯಾವುದಕ್ಕೆ ಕೃತಜ್ಞತೆ ಹೇಳಿಯಾನು?

ಈಗ ಗದ್ದೆಯ ವಿಷಯಕ್ಕೆ ಬರೋಣ. ಗದ್ದೆ ಉಳುವುದು ಲಾಭದ ಕೆಲಸವಲ್ಲ. ಕೂಲಿ, ಟ್ರ್ಯಾಕ್ಟರ್, ನಾಟಿ, ಕೊಯ್ಲು ಎಲ್ಲವನ್ನೂ ಲೆಕ್ಕ ಹಾಕಿದರೆ ಅಂಗಡಿಯಿಂದ ಕುಚ್ಚಲಕ್ಕಿ ತರುವುದೇ ಅಗ್ಗ. ಇದಕ್ಕಾಗಿಯೇ ಎಷ್ಟೋ ಮಂದಿ ಒಳ್ಳೆಯ ಬೇಸಾಯಗಾರರು ಗದ್ದೆಯನ್ನು ಹಡಿಲು ಬಿಟ್ಟರು, ಅಡಿಕೆ ಹಾಕಿದರು, ಸೈಟ್ ಮಾಡಿ ಮಾರಿದರು. ಅವರನ್ನು ಜರೆಯುವ ಅಧಿಕಾರ ಸಂಬಳಕ್ಕೆ ದುಡಿಯುವವರಿಗಾಗಲಿ ಗುರುಗಳಿಗಾಗಲಿ ಇಲ್ಲ. ಆದರೆ ಚರ್ಚು ಭತ್ತದಿಂದ ಬದುಕಬೇಕಾಗಿಲ್ಲ. ತೊಂಬತ್ತು ಸೆಂಟ್ಸ್‌ನಲ್ಲಿ ಆಗುವ ನಷ್ಟ ಒಂದು ಹಬ್ಬದ ವಿದ್ಯುದ್ದೀಪಾಲಂಕಾರದ ಖರ್ಚಿಗಿಂತ ಕಡಿಮೆಯೆಂದು ನಮ್ಮ ಮಂಡಳಿಯ ಕಾರ್ಯದರ್ಶಿಯವರೇ, ಪ್ರಸ್ತಾಪದ ಪರವಾಗಿರುವವರು, ಪ್ರಾಮಾಣಿಕವಾಗಿ ಲೆಕ್ಕ ಹಾಕಿ ತೋರಿಸಿದ್ದಾರೆ. ನಾಟಿಗೆ ಬರುತ್ತೇವೆಂದು ಮೂರು ವಾಳೆಗಳ ಗುರಿಕಾರರು ಒಪ್ಪಿದ್ದಾರೆ. ಎರಡು ವಾಳೆಗಳವರು ನಕ್ಕರು. ಯುವಕರು ಕೆಸರಿಗಿಳಿಯುವ ಉತ್ಸಾಹದಲ್ಲಿದ್ದಾರೆ. ಕಳೆ ಕೀಳುವ ಜುಲೈ ತಿಂಗಳಿನಲ್ಲಿ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಾರೆಂಬ ಸಂದೇಹ ನಮಗಿದೆ. ಕಾರುಗಳ ಸಮಸ್ಯೆಯೂ ಹಾಗೆಯೇ ಉಳಿಯುತ್ತದೆ. ಎರಡು ಕಿಲೋಮೀಟರಿನೊಳಗಿನ ಮನೆಯವರು, ಆರೋಗ್ಯವಿದ್ದವರು, ನಡೆದು ಬರಲು ಸಾಧ್ಯವೇ ಎಂದು ಕೇಳಿದ್ದೇವೆ. ಆ ಪ್ರಶ್ನೆಗೆ ಸಭೆಯಲ್ಲಿ ದೀರ್ಘ ಮೌನವಿತ್ತು.

ಮೊದಲ ಸಭೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ನಾವು ಹಿಂತೆಗೆದುಕೊಂಡಿದ್ದೇವೆ. ಹಿಂತೆಗೆದುಕೊಂಡ ಕಾರಣವನ್ನೇ ಇಲ್ಲಿ ಇಷ್ಟುದ್ದ ಬರೆದದ್ದು. ಆದರೆ ಗದ್ದೆ ಧರ್ಮಗುರುವಿನದಲ್ಲ, ಧರ್ಮಕೇಂದ್ರದ್ದು. ನಾಳೆ ನಮಗೆ ವರ್ಗಾವಣೆಯಾದರೆ ಅದನ್ನು ಉಳುವವರೂ ಕಾಯುವವರೂ ಇಲ್ಲಿನ ಕುಟುಂಬಗಳೇ. ಬರುವ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಸಭೆ ಮತ್ತೆ ಸೇರುತ್ತದೆ. ಟ್ರ್ಯಾಕ್ಟರಿನವರು ಸೋಮವಾರದವರೆಗೆ ಮಾತ್ರ ಕಾಯುತ್ತೇನೆ, ಬಳಿಕ ಬೇರೆ ಊರಿನ ಕೆಲಸ ಒಪ್ಪಿದ್ದೇನೆ ಎಂದಿದ್ದಾರೆ. ಎಂ.ಓ. 4 ಬೀಜದ ವಿಚಾರಣೆಯಾಗಿದೆ. ಆ ವೃದ್ಧೆಯನ್ನು ಮೊನ್ನೆ ಕಂಡಾಗ ಈ ಸುದ್ದಿ ಹೇಳಿದೆವು. ಅವರು ಹೊಗಳಲಿಲ್ಲ. ಬೀಜವನ್ನು ಎಷ್ಟು ಹೊತ್ತು ನೆನೆಸುತ್ತೀರಿ ಎಂದು ಕೇಳಿದರು. ನಮಗೆ ತಿಳಿಯದೆಂದೆವು. "ಹಾಗಾದರೆ ಭಾನುವಾರ ನನ್ನನ್ನೂ ಸಭೆಗೆ ಕರೆಯಿರಿ" ಎಂದರು.